ಪಾಲುದಾರ ಲಕ್ಷಣ ಚಂದ್ರಿಕೆ

ಯಾವ ಶಾಸ್ತ್ರಗ್ರಂಥವೇ ಆಗಲಿ, ಆರಂಭದಲ್ಲಿ ನಾಲ್ಕು ಅನುಬಂಧಗಳನ್ನು ಹೇಳಿಯೇ ಮುಂದುವರಿಯಬೇಕೆಂಬುದು ಹಿರಿಯರ ಕಟ್ಟಳೆ. ಹೇಳಿಬಿಡುತ್ತೇನೆ. ವಿಷಯ: ದುಡಿಯುವವನು ನೌಕರನೋ ಸ್ವತಂತ್ರ ಗುತ್ತಿಗೆದಾರನೋ ಎಂಬ ನಿರ್ಣಯ. ಪ್ರಯೋಜನ: ಮಾಲೀಕ ಕಟ್ಟಬೇಕಾದ ಶೇ. 12ರ ಪಿಎಫ್, ಶೇ. 3.25ರ ಇಎಸ್‌ಐ, ಸೇವೆಯ ಒಂದೊಂದು ವರ್ಷಕ್ಕೂ 15 ದಿನದ ಸಂಬಳದ ಲೆಕ್ಕದಲ್ಲಿ ಬೆಳೆಯುವ ಗ್ರಾಚ್ಯುಟಿ, ಈ ಮೂರು ತಾಪಗಳಿಂದ ಬಿಡುಗಡೆ. ಅಧಿಕಾರಿ, ಅಂದರೆ ಈ ಗ್ರಂಥವನ್ನು ಓದಲು ಅರ್ಹನಾದವನು: ಎಚ್‌ಆರ್ ಮ್ಯಾನೇಜರ್, ಜೊತೆಗೆ ಅವನ ವಕೀಲ. ದುಡಿಯುವವನಿಗೆ ಇಲ್ಲಿ ಅಧಿಕಾರವಿಲ್ಲ. ಮೊಬೈಲಿನಲ್ಲಿ ಹೆಬ್ಬೆರಳಷ್ಟು ಜಾಗದಲ್ಲಿ ಮೂಡುವ ನಲವತ್ತು ಪುಟಗಳ ಕರಾರಿನ ತಳಕ್ಕೆ ಹೋಗಿ 'ಒಪ್ಪಿದ್ದೇನೆ' ಒತ್ತಿದರೆ ಅವನ ಅಧ್ಯಯನ ಮುಗಿಯಿತು. ನಾಲ್ಕನೆಯದು ಸಂಬಂಧ. ಅದು ಇಲ್ಲ. ಇಲ್ಲವೆಂದು ಸಾಧಿಸುವುದಕ್ಕೇ ಗ್ರಂಥ ಹುಟ್ಟಿದೆ.

ಇನ್ನು ಲಕ್ಷಣವಿಚಾರ. ತರ್ಕಶಾಸ್ತ್ರ ಓದಿದವರಿಗೆ ಹಸುವಿನ ಉದಾಹರಣೆ ಗೊತ್ತೇ ಇದೆ. ಕಂದುಬಣ್ಣದ್ದೇ ಹಸು ಎಂದರೆ ಬಿಳಿಯ ಹಸು ಹೊರಗುಳಿಯುತ್ತದೆ, ಅದು ಅವ್ಯಾಪ್ತಿ. ಕೊಂಬಿದ್ದದ್ದೆಲ್ಲ ಹಸು ಎಂದರೆ ಎಮ್ಮೆಯೂ ಕೊಟ್ಟಿಗೆಗೆ ನುಗ್ಗುತ್ತದೆ; ಅತಿವ್ಯಾಪ್ತಿ. ಸೀಳಿಲ್ಲದ ಗೊರಸಿನದು ಎಂದರೆ ಒಂದು ಹಸುವೂ ಸಿಕ್ಕುವುದಿಲ್ಲ, ಅಸಂಭವ. ಕೊನೆಗೆ ಕೊರಳ ಕೆಳಗೆ ಜೋತುಬೀಳುವ ಗಂಗೆದೊಗಲೇ ಹಸುವಿನ ಲಕ್ಷಣವೆಂದು ತಾರ್ಕಿಕರು ನೆಮ್ಮದಿಯಾದರು. ನೌಕರನ ಗಂಗೆದೊಗಲು ಯಾವುದು? ಕೊರಳಲ್ಲಿ ತೂಗುವ ಐಡಿ ಕಾರ್ಡು ಎಂದು ನನ್ನ ಮೊದಲ ಊಹೆ. ಬೀದಿಗಿಳಿದು ನೋಡಿದರೆ ಬೆಂಗಳೂರಿನ ಸ್ವತಂತ್ರ ಉದ್ಯಮಿಗಳ ಕೊರಳಲ್ಲೆಲ್ಲ ಅದೇ ತೂಗುತ್ತಿತ್ತು, ಬೆನ್ನಿಗೆ ಬ್ಯಾಗು, ಮೈಮೇಲೆ ಕಂಪನಿಯ ಬಣ್ಣದ ಟೀ ಶರ್ಟು ಬೇರೆ. ಟೀ ಶರ್ಟಿನ ದುಡ್ಡು ಮೊದಲ ವಾರದ ಪೇಔಟ್‌ನಲ್ಲೇ ಮುರಿದುಕೊಂಡರು ಎಂದು ಒಬ್ಬ ಉದ್ಯಮಿ ನನಗೆ ತಿಳಿಸಿದ. ಬಂಡವಾಳ ಹೂಡಿಕೆ ಎಂದು ನಾನು ಟಿಪ್ಪಣಿ ಬರೆದುಕೊಂಡೆ.

ಹಿಂದಿನ ಆಚಾರ್ಯರು ಈ ಪ್ರಶ್ನೆಯನ್ನು ಬಹಳ ಒರಟಾಗಿ ಬಿಡಿಸಿದ್ದರು. ಸೌರಾಷ್ಟ್ರದ ಉಪ್ಪಿನ ಬಯಲಿನ ಅಗರಿಯಾಗಳ ವ್ಯಾಜ್ಯ 1956ರಲ್ಲಿ ಸುಪ್ರೀಂ ಕೋರ್ಟಿನ ಮುಂದೆ ಬಂತು. ಅವರಿಗೆ ಗೊತ್ತಾದ ವೇಳೆ ಇಲ್ಲ, ಹಾಜರಿ ಪುಸ್ತಕ ಇಲ್ಲ, ತೆಗೆದ ಉಪ್ಪಿನ ತೂಕಕ್ಕೆ ತಕ್ಕ ಹಣ, ಬೇಕಾದರೆ ತಮ್ಮದೇ ಆಳುಗಳನ್ನೂ ಇಟ್ಟುಕೊಳ್ಳಬಹುದು. ಇಷ್ಟೊಂದು ಸ್ವಾತಂತ್ರ್ಯ ಕಂಡಮೇಲೂ ನ್ಯಾಯಾಲಯ ಕೇಳಿದ್ದು ಒಂದೇ ಮಾತು: ಕೆಲಸ ಹೇಗೆ ಆಗಬೇಕೆಂದು ಹೇಳುವ ಹಕ್ಕು ಯಾರದು? ಕಂಪನಿಯದು ಎಂದಾಯಿತು, ಅಗರಿಯಾಗಳು ಕಾರ್ಮಿಕರೇ ಎಂದಾಯಿತು. 1973ರಲ್ಲಿ ದರ್ಜಿಗಳ ಸರದಿ. ಇಷ್ಟ ಬಂದಾಗ ಬರುವವರು, ಹೊಲಿಗೆಯ ಲೆಕ್ಕದಲ್ಲಿ ಹಣ ಪಡೆಯುವವರು, ಕೆಲವರು ಬಟ್ಟೆಯನ್ನು ಮನೆಗೂ ಒಯ್ಯುವವರು. ಆದರೆ ಹೊಲಿಗೆ ಯಂತ್ರ ಅಂಗಡಿಯದು. ಸರಿಬರದಿದ್ದರೆ ಬಿಚ್ಚಿ ಮತ್ತೆ ಹೊಲಿ ಎನ್ನುವ ಹಕ್ಕೂ ಅಂಗಡಿಯದೇ. ಅವರೂ ನೌಕರರಾದರು. ಐದು ವರ್ಷದ ಮೇಲೆ ಕಲ್ಲಿಕೋಟೆಯ ಹಗ್ಗದ ಕಾರ್ಖಾನೆಯ ವ್ಯಾಜ್ಯದಲ್ಲಿ ನ್ಯಾಯಮೂರ್ತಿ ವಿ. ಆರ್. ಕೃಷ್ಣ ಅಯ್ಯರ್, ನಡುವೆ ಎಷ್ಟು ಗುತ್ತಿಗೆದಾರರನ್ನು ನಿಲ್ಲಿಸಿದರೂ ಪರದೆ ಸರಿಸಿ ಹಿಂದೆ ಯಾರಿದ್ದಾರೆ ನೋಡಿ ಎಂದುಬಿಟ್ಟರು. ಪರದೆಯ ಹಿಂದೆ ಇಣುಕುವುದು ಶಿಷ್ಟಾಚಾರವಲ್ಲ ಎಂಬುದು ನನ್ನ ವಿನಮ್ರ ಆಕ್ಷೇಪ.

ಉಪ್ಪು, ಸೂಜಿ, ಹಗ್ಗಗಳ ಕಾಲದ ಈ ತೀರ್ಪುಗಳು ಆಪ್ ಯುಗಕ್ಕೆ ಸಲ್ಲವೆಂದು ನಮ್ಮ ಸಂಪ್ರದಾಯದ ವಾದ. ಈಗ ಯಾರೂ ಯಾರಿಗೂ ಹೀಗೆ ಮಾಡು ಎನ್ನುವುದಿಲ್ಲ. ಎಷ್ಟು ನಿಮಿಷದಲ್ಲಿ ಮುಟ್ಟಬೇಕು, ಯಾವ ರಸ್ತೆ ಹಿಡಿಯಬೇಕು, ಮೂರು ಆರ್ಡರ್ ಬಿಟ್ಟರೆ ಇನ್ಸೆಂಟಿವ್ ಎಷ್ಟು ಇಳಿಯುತ್ತದೆ ಎಂದು ತೆರೆ ಮೇಲೆ ಸುಮ್ಮನೆ ಮೂಡುತ್ತದೆ, ಅಷ್ಟೆ. ಸುಮ್ಮನೆ ಮೂಡುವುದು ಆಜ್ಞೆಯಾಗುವುದು ಹೇಗೆ?

ಇಲ್ಲಿ ವೇದಾಂತದ ನೆರವು ಬೇಕು. ಖರ್ಚಿನ ವಿಷಯದಲ್ಲಿ ಕಂಪನಿ ಶುದ್ಧ ಅದ್ವೈತಿ: ನೀನೂ ನಾನೂ ಬೇರೆಯಲ್ಲ, ಆದ್ದರಿಂದ ಪೆಟ್ರೋಲು, ಪಂಕ್ಚರು, ಮೊಬೈಲ್ ಡೇಟಾ, ಗಾಡಿಯ ಕಂತು ಎಲ್ಲ ನಿನ್ನದೇ. ಅಪಘಾತವಾದ ಗಳಿಗೆಯಲ್ಲಿ ಅದು ಉಡುಪಿಯ ದಾರಿ ಹಿಡಿದು ಕಟ್ಟಾ ದ್ವೈತಿಯಾಗುತ್ತದೆ. ಪಂಚಭೇದವೂ ಕರಾರಿನಲ್ಲಿ ಅಡಗಿದೆ. ಜೀವಕ್ಕೂ ಈಶ್ವರನಿಗೂ ಭೇದ, ಅಂದರೆ ರೈಡರಿಗೂ ಕಂಪನಿಗೂ ಯಾವ ನಂಟೂ ಇಲ್ಲ. ಜೀವಜೀವರಲ್ಲಿಯೂ ಭೇದ, ಇದು ಬಹಳ ಉಪಯುಕ್ತ, ಇಲ್ಲವಾದರೆ ಅವರೆಲ್ಲ ಕೂಡಿ ಸಂಘ ಕಟ್ಟಿಯಾರು. ತೊಡಕು ಬರುವುದು ಆಪ್ ಜಡವೋ ಈಶ್ವರನೋ ಎಂಬಲ್ಲಿ. ಕಣ್ಣಿಗೆ ಕಾಣದೆ ಎಲ್ಲರನ್ನೂ ಕಾಣುತ್ತದೆ, ಒಂದು ರಾತ್ರಿ ಕಾರಣ ಹೇಳದೆ ಐಡಿ ಬ್ಲಾಕ್ ಮಾಡುತ್ತದೆ, ಮೊರೆಯಿಟ್ಟು ಫೋನು ಮಾಡಿದರೆ ಕನ್ನಡಕ್ಕಾಗಿ ಎರಡನ್ನು ಒತ್ತಿ ಎಂದು ಸಂಗೀತ ಕೇಳಿಸುತ್ತದೆ. ಜಡವಸ್ತು ಇಷ್ಟೆಲ್ಲ ಮಾಡಲಾರದೆಂದು ನನ್ನ ಮತ.

ಸಂಪ್ರದಾಯ ಹೊಸದಲ್ಲವೆಂಬುದಕ್ಕೆ ದಕ್ಷಿಣ ಕನ್ನಡದ ಬೀಡಿಯೇ ಸಾಕ್ಷಿ. ಆಪ್ ಹುಟ್ಟುವುದಕ್ಕೆ ಎಷ್ಟೋ ಮೊದಲೇ ಕರಾವಳಿಯ ಹೆಂಗಸರು ಮನೆಯ ಜಗಲಿಯಲ್ಲಿ ಮೊರ ತೊಡೆಯ ಮೇಲಿಟ್ಟುಕೊಂಡು ಈ ಸ್ವಾತಂತ್ರ್ಯವನ್ನು ಅನುಭವಿಸುತ್ತಿದ್ದರು. ಎಲೆಯನ್ನೂ ತಂಬಾಕನ್ನೂ ಕೊಡುವುದು ಬ್ರಾಂಚು, ಸಾವಿರ ಬೀಡಿಗೆ ಇಷ್ಟೆಂದು ಮಜೂರಿ, ಸಂಜೆ ಕಟ್ಟುಗಳನ್ನು ಒಯ್ದರೆ ಬ್ರಾಂಚಿನವನು ಬೆರಳಲ್ಲಿ ಒತ್ತಿ ನೋಡಿ ಇದು ಸಡಿಲ, ಇದು ಗಿಡ್ಡ ಎಂದು ಒಂದಷ್ಟನ್ನು ಪಕ್ಕಕ್ಕೆ ಸರಿಸುವನು. ಎಲೆ ಸೀಳಿದ್ದರೆ ಕೊರತೆ ಅವಳ ಲೆಕ್ಕಕ್ಕೆ. ರೇಟಿಂಗ್ ಎಂಬುದು ಕ್ಯಾಲಿಫೋರ್ನಿಯಾದಲ್ಲಿ ಹುಟ್ಟಿತೆಂದು ನಂಬಿರುವವರು ಒಮ್ಮೆ ಬಂಟ್ವಾಳದ ಕಡೆ ಹೋಗಿ ಬರಬೇಕು. 1966ರಲ್ಲಿ ಸಂಸತ್ತು ಮನೆಯಲ್ಲಿ ಬೀಡಿ ಕಟ್ಟುವವರನ್ನೂ ಸೇರಿಸಿ ಕಾಯ್ದೆ ಮಾಡಿತು. ಮಂಗಳೂರು ಗಣೇಶ್ ಬೀಡಿ ವರ್ಕ್ಸ್ ಸುಪ್ರೀಂ ಕೋರ್ಟಿನವರೆಗೂ ಹೋಗಿ ಅದನ್ನು ಪ್ರಶ್ನಿಸಿತು. 1974ರಲ್ಲಿ ಕಾಯ್ದೆಯೇ ಗೆದ್ದಿತು. ಶಾಸ್ತ್ರಕ್ಕೆ ಇದು ದೊಡ್ಡ ಹಿನ್ನಡೆ.

ವಿದೇಶದಲ್ಲೂ ಪಾಷಂಡಿಗಳಿದ್ದಾರೆ. ಲಂಡನ್ನಿನಲ್ಲಿ ಉಬರ್ ಕಂಪನಿ ತಾನು ಟ್ಯಾಕ್ಸಿ ಓಡಿಸುವುದೇ ಇಲ್ಲ, 30,000 ಪುಟ್ಟ ಉದ್ಯಮಗಳನ್ನು ಒಂದು ಜಗಲಿಗೆ ಸೇರಿಸಿದ್ದೇನೆ ಅಷ್ಟೆ ಎಂಬ ರಮಣೀಯ ಸಿದ್ಧಾಂತವನ್ನು ಮಂಡಿಸಿತು. 2016ರಲ್ಲಿ ಅಲ್ಲಿನ ಕಾರ್ಮಿಕ ನ್ಯಾಯಮಂಡಳಿ ಅದನ್ನು ಕೇಳಿ ನಗು ಬರುತ್ತದೆಂಬ ಅರ್ಥದಲ್ಲಿ ಬರೆಯಿತು. 2021ರ ಫೆಬ್ರವರಿಯಲ್ಲಿ ಬ್ರಿಟನ್ನಿನ ಸುಪ್ರೀಂ ಕೋರ್ಟು, ಬಾಡಿಗೆ ನಿಗದಿ ಮಾಡುವವರು ನೀವು, ಷರತ್ತು ಬರೆಯುವವರು ನೀವು, ಒಲ್ಲೆನೆಂದರೆ ಶಿಕ್ಷಿಸುವವರೂ ನೀವು ಎಂದು ಎಣಿಸಿ, ಚಾಲಕರಿಗೆ ಕನಿಷ್ಠ ವೇತನವೂ ಸಂಬಳ ಸಹಿತ ರಜೆಯೂ ಸಲ್ಲಬೇಕೆಂದಿತು.

ನಮ್ಮಲ್ಲಿ ಬುದ್ಧಿವಂತಿಕೆ ಹೆಚ್ಚು. 2020ರ ಸಾಮಾಜಿಕ ಭದ್ರತಾ ಸಂಹಿತೆ ಗಿಗ್ ಕಾರ್ಮಿಕನೆಂದರೆ ಸಾಂಪ್ರದಾಯಿಕ ಮಾಲೀಕ-ನೌಕರ ಸಂಬಂಧದ ಹೊರಗೆ ದುಡಿದು ಗಳಿಸುವವನು ಎಂದಿತು. ಏನಲ್ಲವೆಂದು ಹೇಳಿ ಏನೆಂಬುದನ್ನು ಬಿಡುವ ಈ ನೇತಿ ನೇತಿ ಮಾರ್ಗಕ್ಕೆ ಉಪನಿಷತ್ತಿನ ಬಲವಿದೆ. ಬೆಂಗಳೂರಿನ ಹೈಕೋರ್ಟಿನಲ್ಲಿ 2024ರ ಸೆಪ್ಟೆಂಬರಿನಲ್ಲಿ ಏಕಸದಸ್ಯ ಪೀಠ, ಲೈಂಗಿಕ ಕಿರುಕುಳ ತಡೆ ಕಾಯ್ದೆಯ ಮಟ್ಟಿಗೆ ಟ್ಯಾಕ್ಸಿ ಆಪ್‌ನ ಚಾಲಕ ನೌಕರನೇ ಎಂದಿತು. ಕೆಲವೇ ದಿನಗಳಲ್ಲಿ ವಿಭಾಗೀಯ ಪೀಠ ತಡೆ ಕೊಟ್ಟಿತು. ಚಾಲಕ ಆ ಕೆಲವು ದಿನ ಏನಾಗಿದ್ದ, ಆಮೇಲೆ ಏನಾದ ಎಂಬುದನ್ನು ಪರಿಶಿಷ್ಟದಲ್ಲಿ ನೋಡಿಕೊಳ್ಳುವುದು. 2025ರ ಕರ್ನಾಟಕದ ಗಿಗ್ ಕಾರ್ಮಿಕರ ಕಾಯ್ದೆ ಮಾತ್ರ ಅವನು ಯಾರೆಂಬ ಗೊಡವೆಗೆ ಹೆಚ್ಚು ಹೋಗದೆ, ಅವನಿಗೆ ಕೊಡುವ ಪ್ರತಿ ಮೊತ್ತದ ಮೇಲೆ ಶೇ. 1ರಿಂದ 5ರವರೆಗೆ ಕಲ್ಯಾಣ ಶುಲ್ಕ ಕಟ್ಟಿ, ತೆಗೆಯುವುದಿದ್ದರೆ ಕಾರಣ ಬರೆದು 14 ದಿನ ಮುಂಚೆ ತಿಳಿಸಿ ಎಂದಿದೆ. ಕಾರಣ ಹೇಳಬೇಕಾದ ಈಶ್ವರ ಎಂಥ ಈಶ್ವರ?

ಖಾಸಗಿಯವರನ್ನಷ್ಟೇ ಹೊಗಳಿದರೆ ಪಕ್ಷಪಾತವಾದೀತು. ಅಂಗನವಾಡಿ ಕಾರ್ಯಕರ್ತೆ ಮಕ್ಕಳನ್ನು ತೂಗುತ್ತಾಳೆ, ಉಣಿಸುತ್ತಾಳೆ, ಸಮೀಕ್ಷೆ ಬಂದರೆ ಮನೆಮನೆ ಸುತ್ತುತ್ತಾಳೆ. ಆಕೆಗೆ ಸಿಗುವುದು ಸಂಬಳವಲ್ಲ, ಗೌರವಧನ. ಕರ್ನಾಟಕ ಸರ್ಕಾರವೇ ಹೂಡಿದ ಮೇಲ್ಮನವಿಯಲ್ಲಿ 2006ರಲ್ಲಿ ಸುಪ್ರೀಂ ಕೋರ್ಟು ಆಕೆಯದು ಸರ್ಕಾರಿ ಹುದ್ದೆಯಲ್ಲ ಎಂದಿತು. 2022ರಲ್ಲಿ ಗುಜರಾತಿನ ಪ್ರಕರಣವೊಂದರಲ್ಲಿ ಗ್ರಾಚ್ಯುಟಿ ಮಾತ್ರ ಸಲ್ಲುತ್ತದೆ ಎಂದಿತು. ಇನ್ನು ಪದವಿ ಕಾಲೇಜುಗಳಲ್ಲಿ ಹದಿನೈದಿಪ್ಪತ್ತು ವರ್ಷದಿಂದ ಪಾಠ ಹೇಳುತ್ತಿರುವ ಅತಿಥಿಗಳಿದ್ದಾರೆ. ಇಷ್ಟು ಕಾಲ ಅತಿಥಿಯನ್ನು ಬಾಗಿಲಲ್ಲೇ ಕೂರಿಸಿ ಪ್ರತಿ ಬೇಸಿಗೆಗೂ ಎಬ್ಬಿಸಿ ಕಳಿಸುವ ಆತಿಥ್ಯ ಬೇರೆ ನಾಡಿನಲ್ಲಿ ಇದ್ದಂತಿಲ್ಲ.

ಪ್ರತ್ಯಕ್ಷ ಪ್ರಮಾಣವೂ ಇರಲಿ ಎಂದು ಒಂದು ಮಳೆಯ ರಾತ್ರಿ ಊಟ ತರಿಸಿದೆ. ಬಾಗಿಲಲ್ಲಿ ನಿಂತವನ ರೇನ್‌ಕೋಟಿನಿಂದ ನೀರು ಸುರಿಯುತ್ತಿತ್ತು. ಕೈಯಲ್ಲಿನ ಮೊಬೈಲು ಮಾತ್ರ ಪ್ಲಾಸ್ಟಿಕ್ ಕವರಿನೊಳಗೆ ಬೆಚ್ಚಗಿತ್ತು.

"ಏನಪ್ಪಾ, ನಿನ್ನನ್ನು ನೀನು ನೌಕರ ಅಂತ ತಿಳ್ಕೊಂಡಿದೀಯೋ, ಸ್ವತಂತ್ರ ಗುತ್ತಿಗೆದಾರ ಅಂತಲೋ?"

"ಓಟಿಪಿ ಹೇಳಿ ಸಾರ್."

ಪ್ರಶ್ನೆಯನ್ನು ವಿಸ್ತರಿಸಿದೆ. ಅವನು ತೆರೆಯ ಮೇಲೆ ಓಡುತ್ತಿದ್ದ ನಿಮಿಷಗಳನ್ನು ತೋರಿಸಿ ಮತ್ತೆ ಅದನ್ನೇ ಹೇಳಿದ. ತತ್ತ್ವಜಿಜ್ಞಾಸೆಗೆ ಬಿಡುವಿಲ್ಲದಿರುವುದು ಉದ್ಯಮಿಗಳ ಸಾಮಾನ್ಯ ಲಕ್ಷಣವೆಂದು ದಾಖಲಿಸಿದೆ.

ಉಳಿದದ್ದು ಒಂದೇ ಕಂಟಕ. 1932ರ ಪಾಲುದಾರಿಕೆ ಕಾಯ್ದೆಯ ಪ್ರಕಾರ ಲಾಭವನ್ನು ಹಂಚಿಕೊಳ್ಳಲು ಒಪ್ಪಿದವರೇ ಪಾಲುದಾರರು. ಈ ಲಕ್ಷಣವನ್ನು ಹಿಡಿದು ಹೊರಟರೆ ನಗರದಲ್ಲಿರುವ ಲಕ್ಷಾಂತರ ಡೆಲಿವರಿ ಪಾಲುದಾರರಲ್ಲಿ ಒಬ್ಬನೂ ದೊರೆಯುವುದಿಲ್ಲ. ಅಪ್ಪಟ ಅಸಂಭವ ದೋಷ. ಇದರ ಪರಿಹಾರವನ್ನು ಲಾಭಾಧಿಕರಣವೆಂಬ ಕೊನೆಯ ಅಧ್ಯಾಯದಲ್ಲಿ ಎಂಬತ್ತು ಪುಟಗಳಷ್ಟು ವಿಸ್ತಾರವಾಗಿ ಬರೆದಿದ್ದೆ. ನಮ್ಮ ಮನೆಗೇ ಬಂದು ನನ್ನದೇ ಕಂಪ್ಯೂಟರಿನಲ್ಲಿ, ನಾನು ಹೇಳಿದ ವೇಳೆಗೆ, ಪುಟಕ್ಕಿಷ್ಟೆಂದು ಡಿಟಿಪಿ ಮಾಡುತ್ತಿದ್ದ ಹುಡುಗಿ ಆ ಹೊತ್ತಿಗೆ ಬಾಕಿ ಹಣ ಕೇಳಿದಳು. "ನೋಡಮ್ಮಾ, ನೀನು ಕೂಲಿಯವಳಲ್ಲ, ಈ ಗ್ರಂಥದ ಪಾಲುದಾರಳು, ಪುಸ್ತಕ ಮಾರಾಟವಾಗಲಿ" ಎಂದು ಶಾಸ್ತ್ರವನ್ನು ವಿವರಿಸಿದೆ. ಅಲ್ಲಿಯತನಕ ಟೈಪು ಮಾಡಿದ್ದು ಆಕೆಯೇ ಆದ್ದರಿಂದ ವಾದ ಬೇಗ ತಿಳಿಯಿತು. "ಹಾಗಾದ್ರೆ ಇವತ್ತು ಲಾಗೌಟ್ ಸಾರ್" ಎಂದು ಚಪ್ಪಲಿ ಮೆಟ್ಟಿದಳು. ಲಾಭಾಧಿಕರಣ ಈ ಮುದ್ರಣದಲ್ಲಿ ಸೇರಿಲ್ಲ.