ಮೇಷ್ಟ್ರ ಎರಡೂವರೆ ಗಂಟೆ

ನಮ್ಮ ಬೀದಿಯ ನಿವೃತ್ತ ಮೇಷ್ಟ್ರಿಗೆ ಮಧ್ಯಾಹ್ನ ಎರಡೂವರೆಗೆ ಸರಿಯಾಗಿ ಬವಳಿ ಬರುತ್ತಿತ್ತು. 35 ವರ್ಷ ಶಾಲೆಯ ಗಂಟೆಗೆ ಬದುಕಿದವರು. ಕಾಯಿಲೆಗೂ ಟೈಮ್‌ಟೇಬಲ್ ಹಾಕಿಕೊಟ್ಟಿದ್ದರು.

ಯಾರು ಕಾರಣ ಕೊಟ್ಟರೂ ಬೇಡವೆನ್ನುವವರಲ್ಲ. ಹಾಲಿನವನು ಪಿತ್ತ ಅಂದ, ಜೀರಿಗೆ ಕಷಾಯ ಶುರುವಾಯಿತು. ಅತ್ತಿಗೆ ದೃಷ್ಟಿ ಅಂದರು, ಒಣಮೆಣಸಿನಕಾಯಿ ನಿವಾಳಿಸಿ ಕೆಂಡಕ್ಕೆ ಹಾಕಿದರು. ಘಾಟು ಬಂದರೆ ದೃಷ್ಟಿಯಿಲ್ಲವೆಂದು ಶಾಸ್ತ್ರ. ಅಕ್ಕಪಕ್ಕದ ಮೂರು ಮನೆಯವರು ಕೆಮ್ಮಿದ್ದರಿಂದ ಆ ಕಾರಣ ರದ್ದಾಯಿತು. ಒಳಗಿವಿಯ ಸುಣ್ಣದ ಹರಳು ಜಾರಿರಬೇಕು ಅಂದ ಅಳಿಯ. ಅಂಥದ್ದೊಂದು ಇರುವುದು ನಿಜವೇ. ಆದರೆ ಅದು ಮಗ್ಗುಲು ಬದಲಿಸಿದಾಗ, ಕತ್ತೆತ್ತಿ ಅಟ್ಟ ನೋಡಿದಾಗ ಬರುತ್ತದೆಯೇ ಹೊರತು ಗಡಿಯಾರ ನೋಡಿಕೊಂಡಲ್ಲ.

‘ಊಟವೇ ಸೇರಲ್ಲ ಕಣಯ್ಯ, ಏನೋ ಹಕ್ಕಿ ಕುಟುಕಿದ ಹಾಗೆ’ ಅನ್ನುತ್ತಿದ್ದರು. ಆ ಹಕ್ಕಿಯನ್ನು ನಾನು ಕಂಡಿದ್ದೇನೆ. ಹುಳಿಗೊಂದು ಸಲ ಅನ್ನ, ಸಾರಿಗೊಂದು ಸಲ, ಮಜ್ಜಿಗೆಗೆ ‘ಒಂದೇ ಒಂದು ಹಿಡಿ’ ಎಂದು ಇನ್ನೊಂದು ರಾಶಿ. ಮೇಲೆ ಬಿಪಿ ಮಾತ್ರೆ. ಬೆಳಿಗ್ಗೆ ಪೇಪರಿನ ಭರಾಟೆಯಲ್ಲಿ ಮರೆತದ್ದು. ನೀರು ಕುಡಿದರೆ ಪದೇ ಪದೇ ಏಳಬೇಕಲ್ಲ, ಆದ್ದರಿಂದ ನೀರಿಲ್ಲ. ಆಮೇಲೆ ಆರಾಮಕುರ್ಚಿಯಲ್ಲಿ ಗೊರಕೆ. ಎರಡೂವರೆಗೆ ಗೇಟು ಕಿರ್ರೆಂದರೆ ‘ಯಾರದು?’ ಎಂದು ದಿಢೀರನೆ ಎದ್ದು ಕಂಬ ತಬ್ಬಿಕೊಳ್ಳುವುದು.

ಕೊನೆಗೆ ಡಾಕ್ಟರು ಕೇಳಿದ್ದು ಇಷ್ಟೇ: ‘ಮೇಷ್ಟ್ರೇ, ಮನೆ ಗಿರ್ರನೆ ಸುತ್ತುತ್ತೋ, ಕಣ್ಣು ಕತ್ತಲೆ ಬರುತ್ತೋ?’ ಮೇಷ್ಟ್ರು ವ್ಯಾಕರಣದ ಪ್ರಶ್ನೆಯೆಂಬಂತೆ ಯೋಚಿಸಿ ‘ಕತ್ತಲೆ’ ಅಂದರು. ಕೂರಿಸಿ ಬಿಪಿ ನೋಡಿದಾಗ ಮೇಲಿನ ಅಂಕಿ 138. ನಿಲ್ಲಿಸಿ ನೋಡಿದಾಗ 112. ‘20 ಇಳಿದರೇ ಲೆಕ್ಕಕ್ಕೆ ಬರುತ್ತೆ. ಹೊಟ್ಟೆ ಬಿರಿಯ ಉಂಡರೆ ರಕ್ತ ಅಲ್ಲಿಗೆ ನುಗ್ಗುತ್ತೆ, ವಯಸ್ಸಾದ ಮೇಲೆ ತಲೆಯ ಪಾಲಿಗೆ ಕೊರತೆ. ಅನ್ನ ಇಳಿಸಿ. ಊಟಕ್ಕೆ ಮುಂಚೆ ದೊಡ್ಡ ಲೋಟ ನೀರು. ಏಳುವ ಮುಂಚೆ ಕಾಲಾಡಿಸುತ್ತ ಒಂದು ನಿಮಿಷ ಕೂತಿರಿ. ಮಾತ್ರೆ ಹೊತ್ತು ನಾನು ಬರೆದ ಹಾಗೆ. ಹಿಮೋಗ್ಲೋಬಿನ್, ಶುಗರ್ ಒಮ್ಮೆ ನೋಡೋಣ. ಆದರೆ ಮಾತು ತೊದಲಿದರೆ, ಒಂದು ಕೈ ಸೋತರೆ, ಎದೆ ನೋವು ಬಂದರೆ ಕಷಾಯ ಕಾಯಿಸುತ್ತ ಕೂರಬೇಡಿ, ತಕ್ಷಣ ಆಸ್ಪತ್ರೆಗೆ ಓಡಿ.’

ಮೇಷ್ಟ್ರ ಮುಖ ಸಣ್ಣಗಾಯಿತು. ಒಂದು ಸ್ಕ್ಯಾನಿಗೂ ಬರೆಯಲಿಲ್ಲ! ‘ಎರಡು ವರ್ಷ ಸಾಕಿದ ಕಾಯಿಲೆ, ಅದಕ್ಕೆ ಅನ್ನ ಕಾರಣವಂತೆ. ನಾಲ್ಕು ಜನರ ಮುಂದೆ ಹೇಳಿಕೊಳ್ಳೋದು ಹ್ಯಾಗಯ್ಯ?’

ಅವರ ಮನೆಯಾಕೆ ಸದ್ದಿಲ್ಲದೆ ಅನ್ನದ ಕೈ ಬದಲಾಯಿಸಿದರು. ಹೊಸದು ಹಳೆಯದರ ಅರ್ಧ. ಮೂರು ಸಲ ಬಡಿಸುವ ಕ್ರಮವನ್ನು ಮಾತ್ರ ತಪ್ಪಿಸಲಿಲ್ಲ. ಎಲೆಯ ಪಕ್ಕ ನೀರಿನ ಚೊಂಬೂ ಬಂತು.

ಮೊನ್ನೆ ಎರಡೂವರೆಗೆ ನಾನೇ ಗೇಟು ತೆಗೆದೆ. ಮೇಷ್ಟ್ರು ಕುರ್ಚಿಯಲ್ಲೇ ಕಾಲಾಡಿಸಿ, ನಿಧಾನವಾಗಿ ಎದ್ದು, ಕಂಬದ ಕಡೆ ನೋಡದೆ ಬಂದರು.

‘ನೋಡಿದೆಯಾ, ಜೀರಿಗೆ ಕಷಾಯ ಕೊನೆಗೂ ಕೈ ಹಿಡಿಯಿತು.’