ನೆರಳು ನೋಡಿ ನೀರು ತಿರುಗಿಸುವವರು

ಅಕ್ಕಾ, ಕೆಲಸ ಆಯಿತಾ? ಒಂದು ಗಳಿಗೆ ತಡಮೆ ಹತ್ತಿರ ಬನ್ನಿ. ಇಗೊಳ್ಳಿ, ಈ ಡಬ್ಬಿ ನಿಮಗೆಂದೇ ತಂದದ್ದು. ಮಸ್ಕತ್ತಿನ ಹಲ್ವ. ನಮ್ಮ ಬಾಳೆಹಣ್ಣಿನ ಹಲ್ವದ ಹಾಗೆ ತುಂಡು ಮಾಡಲಿಕ್ಕೆ ಬರುವುದಿಲ್ಲ, ಚಮಚದಲ್ಲಿ ತೆಗೆಯಬೇಕು. ಸಕ್ಕರೆ, ತುಪ್ಪ, ಗಂಜಿಹಿಟ್ಟು, ಏಲಕ್ಕಿ, ಕೇಸರಿ, ಗುಲಾಬಿ ನೀರು ಎಲ್ಲ ಹಾಕಿ ದೊಡ್ಡ ಕಡಾಯಿಯಲ್ಲಿ ಗಂಟೆಗಟ್ಟಲೆ ಮಗುಚುತ್ತಾರೆ. ಅತ್ತೆಯವರೂ ತಿನ್ನಬಹುದು, ಬಾಯಿಗಿಟ್ಟರೆ ಕರಗುತ್ತದೆ. ಅವರಲ್ಲಿ ನನಗೆ ಒಂದು ಮಾತು ಕೇಳಲಿಕ್ಕೂ ಉಂಟು. ಅದನ್ನು ಕಡೆಗೆ ಹೇಳುತ್ತೇನೆ.

ಒಮಾನಿನಲ್ಲಿ ಮಗಳ ಮನೆಯಲ್ಲಿ ಒಂದೂವರೆ ತಿಂಗಳು ಇದ್ದೆನಲ್ಲ. ಮಾಲು, ಸಮುದ್ರದ ದಂಡೆ, ದೊಡ್ಡ ಮಸೀದಿ, ಮಸ್ಕತ್ತಿನ ಶಿವ ದೇವಸ್ಥಾನ ಎಲ್ಲ ನೋಡಿದೆ. ಚಂದವೇ. ಆದರೆ ಮನಸ್ಸಿನಲ್ಲಿ ನಿಂತದ್ದು ಒಂದು ಶನಿವಾರ. ಅಲ್ಲಿ ಶುಕ್ರವಾರ, ಶನಿವಾರ ರಜೆ. ಅಳಿಯ ಬೆಳಿಗ್ಗೆ ಐದಕ್ಕೇ ಕಾರು ಹೊರಡಿಸಿದ. ಮಗಳ ಜೊತೆ ಕೆಲಸ ಮಾಡುವ ಬೀದರಿನ ಹುಡುಗಿಯೂ ಬಂದಳು. ಮಸ್ಕತ್ತಿನಿಂದ ನಿಜ್ವಾಕ್ಕೆ, ಅಲ್ಲಿಂದ ಜಬ್ರೀನ್ ಕೋಟೆಗೆ, ಬಹ್ಲಾದ ಮೇಲಾಗಿ ಮಿಸ್ಫಾಹ್ ಎಂಬ ಬೆಟ್ಟದ ಹಳ್ಳಿಗೆ, ಮತ್ತೆ ಬಿರ್ಕತ್ ಅಲ್ ಮೌಜ್. ತಿರುಗಿ ಮನೆ ಸೇರುವಾಗ ನಾನೂರು ಕಿಲೋಮೀಟರಿಗೂ ಹೆಚ್ಚಾಗಿತ್ತು. ಸೊಂಟ ನೋಯಲಿಲ್ಲ ಅಕ್ಕಾ, ಅಲ್ಲಿನ ರಸ್ತೆ ಹಾಗೆ ಉಂಟು.

ಬೆಳಕು ಹರಿಯುವಾಗ ನಾವು ಸಮಾಯಿಲ್ ಎಂಬಲ್ಲಿ ಗುಡ್ಡಗಳ ನಡುವಿನ ಸಂದಿಯಲ್ಲಿ ಇದ್ದೆವು. ಎಂತಹ ಗುಡ್ಡ! ಒಂದು ಹುಲ್ಲು ಕಡ್ಡಿ ಇಲ್ಲ, ಒಂದು ಪೊದೆ ಇಲ್ಲ. ಸುಟ್ಟ ಇಟ್ಟಿಗೆಯ ಬಣ್ಣ ಕೆಲವಕ್ಕೆ, ಕಾವಲಿಯ ಕಪ್ಪು ಕೆಲವಕ್ಕೆ. ನಮ್ಮ ಕಣ್ಣಿಗೆ ಗುಡ್ಡೆ ಎಂದರೆ ಹಸುರು, ಮರ, ಮಳೆ ಬಂದರೆ ಜರಿ. ಇಲ್ಲಿ ಬೆಟ್ಟದ ಎಲುಬೇ ಕಾಣುತ್ತದೆ. ಆ ಕಪ್ಪು ಕಲ್ಲು ಒಂದು ಕಾಲದಲ್ಲಿ ಸಮುದ್ರದ ತಳವಾಗಿತ್ತಂತೆ. ಒಂಬತ್ತು ಹತ್ತು ಕೋಟಿ ವರ್ಷದ ಹಿಂದಿನ ಕಡಲಿನ ನೆಲ, ಭೂಮಿ ಒತ್ತಿ ಒತ್ತಿ ದಡದ ಮೇಲೆ ಏರಿ ಕೂತದ್ದು. ಅದನ್ನು ನೋಡಲಿಕ್ಕೆಂದೇ ಭೂವಿಜ್ಞಾನದವರು ಎಲ್ಲೆಲ್ಲಿಂದಲೋ ಬರುತ್ತಾರೆ.

ದಾರಿಯಲ್ಲಿ ಅಲ್ಲಲ್ಲಿ ಕೆಂಪು ಬಿಳಿ ಬಣ್ಣದ ಕಂಬ ನೆಟ್ಟಿದ್ದರು. ಎಂತಕ್ಕೆ ಎಂದು ಕೇಳಿದೆ. ಅದು ವಾದಿಯಂತೆ. ವಾದಿ ಎಂದರೆ ಒಣಗಿದ ಹೊಳೆ. ಹೆಚ್ಚಿನ ದಿನ ಬರೀ ಜಲ್ಲಿಕಲ್ಲು. ಮೇಲೆಲ್ಲೋ ಬೆಟ್ಟದಲ್ಲಿ ಮಳೆ ಬಿದ್ದರೆ ಸಾಕು, ಇಲ್ಲಿ ಬಿಸಿಲಿರುವಾಗಲೇ ನೀರು ನುಗ್ಗಿ ಬರುತ್ತದೆ. ನೀರು ಕಂಬದ ಕೆಂಪು ಮುಟ್ಟಿದರೆ ಕಾರು ದಾಟಿಸಬಾರದು. ನೀರಿಲ್ಲದ ಊರಿನಲ್ಲಿ ನೀರಿನ ಹೆದರಿಕೆ! ವರ್ಷಕ್ಕೆ ಬೀಳುವುದು ಸುಮಾರು 100 ಮಿಲಿಮೀಟರ್ ಮಳೆ. ನಮಗೆ 3500ರ ಮೇಲೆ ಬೀಳುತ್ತದೆ, ಆದರೂ ಏಪ್ರಿಲಿನಲ್ಲಿ ನಾವು ಬೋರಿನ ಸ್ವಿಚ್ಚು ಹಾಕಿ ಬಾಯಿ ಬಿಡುವುದು. ಈ ಲೆಕ್ಕ ಆ ದಿನವಿಡೀ ನನ್ನ ತಲೆಯಲ್ಲಿ ತಿರುಗುತ್ತಿತ್ತು.

ನಡುವೆ ಒಂದು ಚಾದಂಗಡಿಯಲ್ಲಿ ನಿಲ್ಲಿಸಿದೆವು. ನಾವು ತುಳುವಿನಲ್ಲಿ ಮಾತಾಡುವುದು ಕೇಳಿ ಚಾ ಕೊಡುವ ಹುಡುಗ ನಿಂತುಬಿಟ್ಟ. ಉಪ್ಪಿನಂಗಡಿ ಹತ್ತಿರದವನಂತೆ. ಊರಿಗೆ ಹೋಗದೆ ಎರಡು ವರ್ಷವಾಯಿತು ಎಂದ. "ಈ ವರ್ಷ ಮಾವು ಹೂ ಬಿಟ್ಟಿದೆಯಾ" ಎಂದು ಕೇಳಿದ. ಬಿಟ್ಟಿದೆ ಎಂದೆ. ಅವನ ಮುಖ ಅರಳಿದ್ದು ಈಗಲೂ ಕಣ್ಣ ಮುಂದೆ ಉಂಟು.

ನಿಜ್ವಾದ ಕೋಟೆ ಅಕ್ಕಾ, ಅದು ಕೋಟೆ ಅನ್ನುವುದಕ್ಕಿಂತ ಒಂದು ದೈತ್ಯ ಕಡೆಗಲ್ಲನ್ನು ನೆಲದಲ್ಲಿ ನಿಲ್ಲಿಸಿದ ಹಾಗೆ. ದುಂಡಗಿನ ಬುರುಜು, ಮೂವತ್ತು ಮೀಟರಿಗೂ ಎತ್ತರ. ಒಳಗೆ ಅರ್ಧದವರೆಗೆ ಮಣ್ಣು, ಕಲ್ಲು ತುಂಬಿಸಿ ಗಟ್ಟಿ ಮಾಡಿದ್ದಾರೆ, ಫಿರಂಗಿ ಗುಂಡು ಬಡಿದರೂ ಅಲುಗದ ಹಾಗೆ. ಸುಲ್ತಾನ್ ಬಿನ್ ಸೈಫ್ ಎಂಬ ಇಮಾಮ ಹದಿನೇಳನೆಯ ಶತಮಾನದಲ್ಲಿ ಕಟ್ಟಿಸಿದ್ದು, 12 ವರ್ಷ ಹಿಡಿಯಿತಂತೆ. ಮೇಲೆ ಹತ್ತುವ ಮೆಟ್ಟಿಲು ಸಪೂರ, ಅಡ್ಡಡ್ಡ ತಿರುಗುತ್ತದೆ. ಪ್ರತಿ ತಿರುವಿನಲ್ಲಿ ದಪ್ಪ ಮರದ ಬಾಗಿಲು, ಬಾಗಿಲ ಮೇಲೆ ಒಂದು ಕಿಂಡಿ. ಶತ್ರು ಬಾಗಿಲು ಒಡೆಯಲಿಕ್ಕೆ ನಿಂತರೆ ಆ ಕಿಂಡಿಯಿಂದ ಕುದಿಯುವ ಖರ್ಜೂರದ ರಸ ಸುರಿಯುತ್ತಿದ್ದರು. ಆ ರಸ ಬರುವುದು ಕೋಟೆಯ ಉಗ್ರಾಣದಿಂದಲೇ. ನೆಲದಲ್ಲಿ ಸಾಲು ಸಾಲು ಗೆರೆ ಕೊರೆದ ಕೋಣೆ, ಅದರ ಮೇಲೆ ಖರ್ಜೂರದ ಮೂಟೆಗಳನ್ನು ಮಾಡಿನವರೆಗೆ ಪೇರಿಸಿಡುವುದು. ಮೇಲಿನ ಮೂಟೆಯ ಭಾರಕ್ಕೆ ಕೆಳಗಿನದ್ದು ಹಿಂಡಿ, ಜೇನಿನ ಹಾಗೆ ಪಾಕ ಇಳಿದು ಗೆರೆಯಲ್ಲಿ ಹರಿದು ಗುಂಡಿಗೆ ಬೀಳುತ್ತದೆ. ಅಡಿಕೆ ಮೂಟೆ ಪೇರಿಸಿ ಬೆಳೆದ ನನಗೆ ಆ ಕೋಣೆ ಬಿಟ್ಟು ಬರಲಿಕ್ಕೇ ಮನಸ್ಸಿರಲಿಲ್ಲ.

ಈ ಸುಲ್ತಾನ್ ಬಿನ್ ಸೈಫನ ವಿಷಯ ಇನ್ನೊಂದುಂಟು. 1650ರಲ್ಲಿ ಪೋರ್ಚುಗೀಸರನ್ನು ಮಸ್ಕತ್ತಿನಿಂದ ಓಡಿಸಿದವನು ಅವನೇ. ಅದರ ಬೆನ್ನಿಗೇ ನಮ್ಮ ಕೆಳದಿಯ ಶಿವಪ್ಪ ನಾಯಕ ಗಂಗೊಳ್ಳಿ, ಹೊನ್ನಾವರ, ಮಂಗಳೂರಿನ ಕೋಟೆಗಳಿಂದ ಅದೇ ಪೋರ್ಚುಗೀಸರನ್ನು ಎಬ್ಬಿಸಿದ. ಕಡಲಿನ ಆ ದಡದಲ್ಲಿ ಅವನು, ಈ ದಡದಲ್ಲಿ ಇವನು. ನಮ್ಮ ಕರಾವಳಿಯ ಅಕ್ಕಿ ಆಗ ಹಡಗು ಹಡಗಾಗಿ ಮಸ್ಕತ್ತಿಗೆ ಹೋಗುತ್ತಿತ್ತು. ಮುಂದೆ ಟಿಪ್ಪು ಅಲ್ಲಿ ತನ್ನದೇ ವ್ಯಾಪಾರದ ಕೋಠಿ ಇಟ್ಟಿದ್ದ. ಆ ಬುರುಜಿನ ಮೇಲೆ ನಿಂತು ಕೆಳಗಿನ ಖರ್ಜೂರದ ತೋಟ ನೋಡುವಾಗ, ಇವರ ಅಜ್ಜಂದಿರು ಉಂಡದ್ದು ನಮ್ಮ ಗದ್ದೆಯ ಅಕ್ಕಿ ಎಂದು ಕಂಡು ಊರಿನವರ ಮಧ್ಯೆ ನಿಂತ ಹಾಗೇ ಆಯಿತು.

ಅಲ್ಲಿಂದಲೇ ನನಗೆ ಒಂದು ಪ್ರಶ್ನೆ ಶುರುವಾದದ್ದು. ಇಷ್ಟು ಒಣ ಬೆಟ್ಟದ ಬುಡದಲ್ಲಿ ಆ ತೋಟ ಎಲ್ಲಿಂದ ಬಂತು? ಖರ್ಜೂರದ ಕೆಳಗೆ ಲಿಂಬೆ, ಬಾಳೆ, ಮಾವು, ಅದರ ಕೆಳಗೆ ದನಕ್ಕೆ ಹುಲ್ಲು. ಥೇಟ್ ನಮ್ಮ ತೋಟದ ಅಂತಸ್ತು.

ಅಳಿಯ ಕಾರು ತಿರುಗಿಸಿ ಫಲಜ್ ದಾರಿಸ್ ಎಂಬಲ್ಲಿಗೆ ಕರೆದುಕೊಂಡು ಹೋದ. ಒಂದು ಕಲ್ಲಿನ ಕಾಲುವೆ. ಅದರಲ್ಲಿ ಕನ್ನಡಿಯಂತಹ ನೀರು, ಸದ್ದಿಲ್ಲದೆ ಹೋಗುತ್ತಾ ಉಂಟು. ಮಕ್ಕಳು ಕಾಲು ಇಳಿಬಿಟ್ಟು ಕೂತಿದ್ದರು. ನಾನೂ ಚಪ್ಪಲಿ ಕಳಚಿ ಕೂತೆ. ತಣ್ಣಗೆ ಇರಬಹುದೆಂದು ಎಣಿಸಿದ್ದೆ, ಬೆಚ್ಚಗಿತ್ತು. ನೆಲದೊಳಗಿನಿಂದ ಬರುವ ನೀರು ಚಳಿಗಾಲದಲ್ಲಿ ಬೆಚ್ಚಗೇ ಇರುತ್ತದೆ. ನನಗೆ ಎದೆ ಝಲ್ಲೆಂದಿತು ಅಕ್ಕಾ. ಮದುವೆಯಾಗಿ ಬಂದ ವರ್ಷ ಧನುರ್ಮಾಸದಲ್ಲಿ ನಮ್ಮ ನೀರಿನ ಸುರಂಗದ ಬಾಯಿಯಲ್ಲಿ ಕೈ ಒಡ್ಡಿದಾಗ ಸಿಕ್ಕಿದ ಬಿಸುಪೇ ಅದು.

ದಾರಿಸಿನಂತಹ ಫಲಜ್ ಎಂದರೆ ಸುರಂಗವೇ. ಬೆಟ್ಟದ ಬುಡದಲ್ಲಿ ನೀರಿನ ಒರತೆ ಸಿಗುವವರೆಗೆ ಒಂದು ತಾಯಿಬಾವಿ ತೋಡುವುದು. ಅಲ್ಲಿಂದ ಊರಿನ ಕಡೆಗೆ ನೆಲದ ಅಡಿಯಲ್ಲಿ ಕಿಲೋಮೀಟರುಗಟ್ಟಲೆ ಸುರಂಗ, ಕೂದಲೆಳೆಯಷ್ಟು ಇಳಿಜಾರು ಇಟ್ಟು. ಮಣ್ಣು ಎತ್ತಲಿಕ್ಕೆ, ಗಾಳಿ ಬರಲಿಕ್ಕೆ ನಡು ನಡುವೆ ಮೇಲಿನಿಂದ ಬಾವಿಯಂತಹ ತೂತು. ಪಂಪು ಇಲ್ಲ, ಕರೆಂಟು ಇಲ್ಲ. ಎಲ್ಲ ಬಗೆಯ ಫಲಜ್ ಸೇರಿ 3000ಕ್ಕೂ ಹೆಚ್ಚು ಆ ದೇಶದಲ್ಲಿ ಈಗಲೂ ಹರಿಯುತ್ತಾ ಉಂಟು. ಐದನ್ನು 2006ರಲ್ಲಿ ಯುನೆಸ್ಕೋದವರು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿದ್ದಾರೆ, ದಾರಿಸ್ ಅದರಲ್ಲಿ ಒಂದು. ಸುಲೇಮಾನ ರಾಜ ಹಾರುವ ಜಮಖಾನದ ಮೇಲೆ ಬಂದು, ಹತ್ತು ದಿನದಲ್ಲಿ ಹತ್ತು ಸಾವಿರ ಫಲಜನ್ನು ಜಿನ್ನುಗಳಿಂದ ತೋಡಿಸಿದ ಎಂದು ಅಲ್ಲಿಯ ಕಥೆ. ಮನುಷ್ಯರ ಕೈಯಲ್ಲಿ ಇದು ಆದದ್ದು ಎಂದು ನಂಬಲಿಕ್ಕೆ ಅವರಿಗೇ ಕಷ್ಟವಾಗಿರಬೇಕು. ನನಗೆ ಕಷ್ಟವಾಗಲಿಲ್ಲ. ಇಲ್ಲೇ ಕೇಪುವಿನಲ್ಲಿ ಅಮೈ ಮಹಾಲಿಂಗ ನಾಯ್ಕರು ಒಬ್ಬರೇ ಗುಡ್ಡ ಕೊರೆದದ್ದು ನಮಗೆ ಗೊತ್ತಿಲ್ಲವಾ? ಒಂದರ ಮೇಲೊಂದು ಸುರಂಗ ಬರಡಾದರೂ ಬಿಡದೆ ಕೊರೆದು ನೀರು ತಂದರು, 2022ರಲ್ಲಿ ಪದ್ಮಶ್ರೀ ಬಂತು. ಜಿನ್ನು ಯಾಕೆ ಬೇಕು!

ಬೀದರಿನ ಹುಡುಗಿ ಸುಮ್ಮನೆ ಕೇಳುತ್ತಿದ್ದವಳು, "ನಮ್ಮ ಬೀದರ್‌ದಾಗೂ ಅದ ಆಂಟಿ, ಕರೇಜ್ ಅಂತಾರ" ಎಂದಳು. ಬಹಮನಿ ಸುಲ್ತಾನರ ಕಾಲದ್ದು, ನೌಬಾದಿನಲ್ಲಿ ನೆಲದ ಕೆಳಗೆ ಹೋಗುತ್ತದಂತೆ. ಇರಾನಿನ ಕಡೆಯ ವಿದ್ಯೆ ಅದು. ನೋಡಿ, ಕರ್ನಾಟಕದ ಆ ತುದಿಯವಳು ಒಬ್ಬಳು, ಈ ತುದಿಯವಳು ಒಬ್ಬಳು, ಒಮಾನಿನ ಕಾಲುವೆಯಲ್ಲಿ ಕಾಲು ಇಳಿಬಿಟ್ಟು ಊರಿನ ನೀರಿನ ಸುದ್ದಿ ಮಾತಾಡಿದೆವು.

ಜಬ್ರೀನ್ ಬಗ್ಗೆ ಹೇಳದಿದ್ದರೆ ತಪ್ಪಾದೀತು. ಅದು ಕೋಟೆಯ ಅಂಗಿ ತೊಟ್ಟ ಅರಮನೆ. ಸುಲ್ತಾನ್ ಬಿನ್ ಸೈಫನ ಮಗ ಬಿಲಾರಬ್ ಕಟ್ಟಿಸಿದ್ದು. ಮರದ ಮಾಡಿನ ತುಂಬ ಹೂ ಬಳ್ಳಿಯ ಚಿತ್ರ, ಮುನ್ನೂರು ವರ್ಷ ಕಳೆದರೂ ಕೆಂಪು ಕೆಂಪಾಗಿಯೇ ಉಂಟು. ಒಂದು ಕೋಣೆಯಲ್ಲಿ ಗೋಡೆಯ ಕೆಳಗೊಂದು ಸಾಲು ಕಿಟಕಿ, ಮೇಲೊಂದು ಸಾಲು. ಕೆಳಗಿನಿಂದ ತಂಪು ಗಾಳಿ ಬಂದು ಬಿಸಿ ಗಾಳಿ ಮೇಲಿನಿಂದ ಹೋಗುತ್ತದೆ. ಸೂರ್ಯ ಚಂದ್ರರ ಕೋಣೆ ಎಂದು ಹೆಸರು. ಫಲಜಿನ ನೀರನ್ನು ಕೋಟೆಯ ಒಳಗಿನಿಂದಲೇ ಹಾಯಿಸಿದ್ದಾರೆ. ಕಟ್ಟಿಸಿದವನ ಗೋರಿಯೂ ಅಲ್ಲೇ. ತಮ್ಮನೇ ಮುತ್ತಿಗೆ ಹಾಕಿದಾಗ ಅದೇ ಗೋಡೆಗಳ ಒಳಗೆ ತೀರಿಕೊಂಡ. ಅಷ್ಟು ಚಂದದ ಮನೆ ಕಟ್ಟಿಸಿ ಅಣ್ಣ ತಮ್ಮಂದಿರು ಹೊಡೆದಾಡಿದ್ದು ನೆನೆದು ನನಗೆ ಬೇಸರವಾಯಿತು. ಗೋರಿಯ ಹತ್ತಿರ ಒಂದು ಕ್ಷಣ ನಿಂತು ಕೈಮುಗಿದು ಬಂದೆ.

ಬಹ್ಲಾವನ್ನು ಎದುರಿನ ದಿಬ್ಬದಿಂದ ನೋಡಿದೆವು. ಮಣ್ಣಿನ ಕೋಟೆ, ಊರನ್ನು ಸುತ್ತಿದ ಗೋಡೆಯೇ 12 ಕಿಲೋಮೀಟರ್. 1987ರಲ್ಲಿ ಒಮಾನಿನಿಂದ ಮೊದಲು ಪರಂಪರೆಯ ಪಟ್ಟಿಗೆ ಸೇರಿದ್ದು ಇದು. ಮರುವರ್ಷವೇ ಅಪಾಯದಲ್ಲಿದೆ ಎಂದು ಬರೆದರು. ಮತ್ತೆ ವರ್ಷಗಟ್ಟಲೆ ಹಸಿ ಇಟ್ಟಿಗೆಯಿಂದಲೇ ದುರಸ್ತಿ ಮಾಡಿದ ಮೇಲೆ 2004ರಲ್ಲಿ ಆ ಮಾತು ತೆಗೆದರು.

ಮಿಸ್ಫಾಹ್ ಅಂದೆನಲ್ಲ, ಅದಕ್ಕೆ ನನ್ನ ಜೀವ ಅಂಟಿಕೊಂಡಿದೆ. ಬಂಡೆಯ ಮೇಲೆ ಬಂಡೆಯದ್ದೇ ಬಣ್ಣದ ಮನೆಗಳು, ಒಂದರ ಹೆಗಲ ಮೇಲೆ ಒಂದು. ಓಣಿ ಎಷ್ಟು ಇಕ್ಕಟ್ಟೆಂದರೆ ಕತ್ತೆ ಎದುರು ಬಂದರೆ ನಾವು ಬಾಗಿಲ ಸಂದಿಗೆ ಸರಿಯಬೇಕು. ಓಣಿ ಇಳಿದಂತೆ ನೀರಿನ ಸದ್ದು. ಮನೆಗಳ ಬುಡದಲ್ಲಿ ಕಾಲುವೆ, ಅದರ ಬದಿಯಲ್ಲೇ ನಡೆಯುವ ದಾರಿ, ಕೆಳಗೆ ಮೆಟ್ಟಿಲು ಮೆಟ್ಟಿಲಾಗಿ ತೋಟ. ಕಾಲುವೆಗೆ ಅಲ್ಲಲ್ಲಿ ಸಣ್ಣ ಕಂಡಿ. ಕಂಡಿಗೆ ಒಂದು ಕಲ್ಲು, ಸುತ್ತ ಹಳೆಯ ಬಟ್ಟೆ ತುರುಕಿ ಮುಚ್ಚಿದ್ದಾರೆ. ನಮ್ಮಲ್ಲಿ ಕಣಿಗೆ ಮಣ್ಣು, ಸೋಗೆ ಇಟ್ಟು ಕಟ್ಟುವ ಹಾಗೇ!

ಒಬ್ಬರು ಹಿರಿಯರು ಬಂದು ಕಲ್ಲು ತೆಗೆದು ತಮ್ಮ ತೋಟಕ್ಕೆ ನೀರು ತಿರುಗಿಸಿದರು. ನಾನು ನೋಡುತ್ತಾ ನಿಂತದ್ದು ಕಂಡು ನಕ್ಕು, ಮನೆಯ ಜಗಲಿಗೆ ಕರೆದು ಖರ್ಜೂರ, ಕಹ್ವಾ ಕೊಟ್ಟರು. ಏಲಕ್ಕಿ ಹಾಕಿದ, ಹಾಲಿಲ್ಲದ ಕಾಫಿ, ಹಿಡಿಯಿಲ್ಲದ ಪುಟ್ಟ ಬಟ್ಟಲಿನಲ್ಲಿ. ಬಟ್ಟಲನ್ನು ಸ್ವಲ್ಪ ಅಲುಗಾಡಿಸಿ ತೋರಿಸುವವರೆಗೆ ಹೊಯ್ಯುತ್ತಲೇ ಇರುತ್ತಾರೆ. ಅಳಿಯನಿಗೆ ಬರುವ ಅರಬಿಯಲ್ಲಿ ಕೇಳಿಸಿದೆ, ಯಾರ ಸರದಿ ಯಾವಾಗ ಎಂದು ಹೇಗೆ ಗೊತ್ತಾಗುತ್ತದೆ?

ಅಕ್ಕಾ, ಆ ಲೆಕ್ಕ ಕೇಳಿ. ನೀರು ಊರಿಗೆ ಬಂದ ಕೂಡಲೇ ಮೊದಲ ಜಾಗ ಕುಡಿಯಲಿಕ್ಕೆ. ಅದಕ್ಕೆ ಪಾಲಿಲ್ಲ, ದಾರಿಹೋಕನಿಗೂ ಹಕ್ಕು. ಮತ್ತೆ ಮಸೀದಿ, ಸ್ನಾನದ ಕಟ್ಟೆ, ಒಗೆಯುವಲ್ಲಿ. ಎಲ್ಲ ಮುಗಿದ ಮೇಲೆ ತೋಟ. ತೋಟದ ಪಾಲು ಹೊತ್ತಿನ ಲೆಕ್ಕದಲ್ಲಿ. ಅಥರ್ ಎಂದರೆ ಅರ್ಧ ಗಂಟೆ. ಒಬ್ಬನಿಗೆ ಎರಡು ಅಥರ್ ಇರಬಹುದು, ಇನ್ನೊಬ್ಬನಿಗೆ ಅರ್ಧ. ಗಡಿಯಾರ ಬರುವ ಮೊದಲು ಬಯಲಿನಲ್ಲಿ ಒಂದು ಕೋಲು ನೆಟ್ಟು, ನೆಲದಲ್ಲಿ ಗೆರೆ ಹಾಕಿ, ನೆರಳು ಯಾವ ಗೆರೆಗೆ ಬಂತೆಂದು ನೋಡಿ ನೀರು ತಿರುಗಿಸುತ್ತಿದ್ದರು. ರಾತ್ರಿಗೆ ನಕ್ಷತ್ರ, ಯಾವುದು ಯಾವ ಗುಡ್ಡದ ಮೇಲೆ ಹುಟ್ಟಿತು ಎಂದು. ಕೆಲವು ಪಾಲು ಫಲಜಿನದ್ದೇ, ಅದನ್ನು ಏಲಂ ಹಾಕಿ ಬಂದ ಹಣದಲ್ಲಿ ಸುರಂಗದ ಹೂಳು ತೆಗೆಸುತ್ತಾರೆ. ಲೆಕ್ಕ ನೋಡಲಿಕ್ಕೆ ಊರಿನವರೇ ಒಬ್ಬ ವಕೀಲನನ್ನು ನೇಮಿಸುತ್ತಾರೆ, ನಮ್ಮ ಕೋರ್ಟಿನ ವಕೀಲರಲ್ಲ, ಪಾರುಪತ್ಯದವನು. ಗುಡ್ಡದ ತುದಿಯಲ್ಲಿ ಕಾಣುವ ಸಣ್ಣ ಸಣ್ಣ ಬುರುಜುಗಳಲ್ಲಿ ಎಷ್ಟೋ ಈ ನೀರನ್ನು ಕಾಯಲಿಕ್ಕೆ ಕಟ್ಟಿದವು.

ಬಿರ್ಕತ್ ಅಲ್ ಮೌಜ್ ಎಂದರೆ ಬಾಳೆಯ ಕೊಳ. ಅಲ್ಲಿ ಮುಟ್ಟುವಾಗ ಹೊತ್ತು ಕಂತಿತ್ತು. ಬಿದ್ದುಹೋದ ಮಣ್ಣಿನ ಮನೆಗಳ ಕೆಳಗೆ ಕತ್ತಲೆಯಲ್ಲಿ ಬಾಳೆ ಎಲೆಯ ಸದ್ದು ಮಾತ್ರ. ಆ ಸದ್ದು ನಮ್ಮ ತೋಟದ್ದೇ. ಅಲ್ಲಿಂದ ಮಸ್ಕತ್ತಿನವರೆಗೆ ನಾನು ಮಾತಾಡಲಿಲ್ಲ. ಬೀದರಿನ ಹುಡುಗಿ ನನ್ನ ಹೆಗಲಿಗೆ ಒರಗಿ ನಿದ್ದೆ ಹೋಗಿದ್ದಳು.

ಈಗ ನಾನು ಕರೆದದ್ದು ಎಂತಕ್ಕೆಂದರೆ, ನಮ್ಮ ಎರಡು ಮನೆಗೆ ಸೇರಿದ ಸುರಂಗ ಉಂಟಲ್ಲ, ಗುಡ್ಡೆಯ ಬುಡದ್ದು. ನಿಮ್ಮ ಮಾವನವರೂ ನಮ್ಮ ಮಾವನವರೂ ಸೇರಿ ಕೊರೆಸಿದ್ದು, ದೀಪ ಆರದಷ್ಟು ಗಾಳಿ ಉಂಟಾ ಎಂದು ನೋಡಿ ನೋಡಿ ಒಳಗೆ ಹೋದದ್ದು. ಬೋರು ಬಂದ ಮೇಲೆ ನಾವು ಆ ಕಡೆ ತಲೆ ಹಾಕಲಿಲ್ಲ. ನಿನ್ನೆ ಸಂಜೆ ನಾನೊಬ್ಬಳೇ ಹೋಗಿದ್ದೆ. ಬಾಯಿಗೆ ಮಣ್ಣು ಕುಸಿದು ಪೊದೆ ಬೆಳೆದಿದೆ. ಆದರೆ ಕೆಳಗಿನ ಮುರಕಲ್ಲು ಒದ್ದೆ ಇತ್ತು ಅಕ್ಕಾ. ಈ ಮಾರ್ಚಿನಲ್ಲಿ. ಕಿವಿ ಇಟ್ಟರೆ ಒಳಗೆ ಹನಿ ಬೀಳುವುದು ಕೇಳುತ್ತದೆ.

ಮಣ್ಣು ತೆಗೆಸುವ ಖರ್ಚು ಅರ್ಧ ನಮ್ಮದು. ಅಡಿಕೆ ಮರದ ದಂಬೆಗೆ ನಮ್ಮ ತೋಟದಲ್ಲೇ ಮುರಿದ ಮರ ಉಂಟು. ಸರದಿ ಮಾತ್ರ ನನಗೆ ನೆನಪಿಲ್ಲ. ಹಲಸಿನ ಮರದ ನೆರಳು ನಿಮ್ಮ ತುಳಸಿಕಟ್ಟೆ ಮುಟ್ಟಿದರೆ ನೀರು ನಿಮ್ಮ ಕಡೆಗೆ ಎಂದು ಯಾರೋ ಹೇಳಿದ ಹಾಗೆ ಉಂಟು, ಆದರೆ ಬೆಳಗ್ಗಿನ ನೆರಳಾ, ಬೈಗಿನದ್ದಾ? ಅತ್ತೆಯವರು ಎಚ್ಚರ ಇದ್ದಾರಾ? ಅವರಿಗೆ ಗೊತ್ತಿದ್ದೀತು. ನಡೆಯಿರಿ, ಹಲ್ವ ಕೊಟ್ಟು ಕೇಳುವ.