ಎರಡೂ ಎಡ ರೆಕ್ಕೆ

ಹುಮನಾಬಾದಿನ ವೀರಭದ್ರೇಶ್ವರ ಜಾತ್ರೆ ಪ್ರತಿ ಜನವರಿಯಲ್ಲಿ ತಪ್ಪದೆ ಬರುತ್ತದೆ. ನಮ್ಮ ವಿಮಾನ ಕಾಕಾರ ಮಾತೂ ಅಷ್ಟೇ ತಪ್ಪದೆ ಬರುತ್ತದೆ: ‘ಈ ಜಾತ್ರಿಗಿ ಹಾರ್ತದ ನೋಡ್ರಿ.’ ಯಾವ ವರ್ಷದ ಜಾತ್ರೆ ಎಂದು ಕೇಳುವಷ್ಟು ನಿರ್ದಯಿಗಳು ನಮ್ಮೂರಲ್ಲಿ ಇನ್ನೂ ಹುಟ್ಟಿಲ್ಲ.

ವಿಮಾನ ಕಾಕಾ ಅಂದರೆ ಒಬ್ಬರೇ ಎಂದು ತಿಳಿಯಬೇಡಿ. ಗ್ಯಾರೇಜು ಇರುವ ಊರಿಗೊಬ್ಬರು ಇಂಥವರು ಇದ್ದೇ ಇರುತ್ತಾರೆ. ಒಬ್ಬರು ನೀರು ಕುಡಿದು ಓಡುವ ಮೋಟರ್‌ಸೈಕಲ್ಲಿನ ಬೆನ್ನು ಹತ್ತಿರುತ್ತಾರೆ, ಇನ್ನೊಬ್ಬರು ಕರೆಂಟೇ ಬೇಡದ ಪಂಪಿನ ಬೆನ್ನು. ನಮ್ಮ ಕಡೆಯವರಿಗೆ ವಿಮಾನದ ಹುಚ್ಚು ಹತ್ತಿದ್ದರೆ ತಪ್ಪು ಅವರದಲ್ಲ, ಆಕಾಶದ್ದು. ಬೀದರಿನಲ್ಲಿ ವಾಯುಪಡೆಯ ತರಬೇತಿ ನೆಲೆಯಿದೆ. ಸೂರ್ಯಕಿರಣ ತಂಡ 1996ರಲ್ಲಿ ಹುಟ್ಟಿದ್ದೇ ಅಲ್ಲಿ. ತೊಗರಿ ಹೊಲದಲ್ಲಿ ಕಳೆ ತೆಗೆಯುವವನ ನೆತ್ತಿಯ ಮೇಲೆ ಹಾಕ್ ಜೆಟ್ಟು ಗುಡುಗುತ್ತ ಹೋದರೆ ಅವನು ಕುರ್ಪಿ ಕೆಳಗಿಟ್ಟು ಮೇಲೆ ನೋಡುತ್ತಾನೆ. ನೋಡಿ ಮತ್ತೆ ಕುರ್ಪಿ ಹಿಡಿದವನು ರೈತ. ‘ಇದರಾಗ ಏನದ ಅಂಥಾದ್ದು?’ ಅಂದವನು ವಿಮಾನ ಕಾಕಾ.

ಕಾಕಾರ ಮನೆ ಹುಮನಾಬಾದಿನಲ್ಲಿ, ಶೆಡ್ಡು ಬಸವಕಲ್ಯಾಣದ ಸಸ್ತಾಪುರ ಬಂಗ್ಲಾ ಕಡೆ, ಹೆದ್ದಾರಿಯ ಮಗ್ಗುಲಿಗೆ. ಮೂಲ ಕಸುಬು ಲಾರಿ ಬಾಡಿ ಕಟ್ಟುವುದು. ಲಾರಿ ಮಿಸ್ತ್ರಿಯ ಶಾಸ್ತ್ರದಲ್ಲಿರುವುದು ಎರಡೇ ವಾಕ್ಯ. ಒಂದು, ‘ಗಟ್ಟಿ ಇರ್ಲಿ.’ ಎರಡು, ‘ನಡೀತದ ಬಿಡು.’ ಕಾಕಾ ವಿಮಾನ ಶುರು ಮಾಡಿದ್ದು ಈ ಎರಡನ್ನೇ ನಂಬಿ. ಅವೆರಡನ್ನೂ ಮರೆಯಲು ಅವರಿಗೆ ಎಂಟು ಜಾತ್ರೆ ಹಿಡಿಯಿತು.

ಮೊದಲು ಸೋತದ್ದು ‘ಗಟ್ಟಿ ಇರ್ಲಿ.’ ಬಾಲ ಮುರಿಯಬಾರದೆಂದು ಕಾಕಾ ಅದಕ್ಕೆ ಲಾರಿಯ ಆ್ಯಂಗಲ್ ಕಬ್ಬಿಣ ಬಡಿದಿದ್ದರು. ಅಡತಿ ಅಂಗಡಿಯಿಂದ ಮೂರು ಕಾಟಾ ತರಿಸಿ, ಮೂರು ಗಾಲಿಯ ಕೆಳಗೂ ಒಂದೊಂದು ಇಟ್ಟು ತೂಗಿದರು. ಯಾವ ಗಾಲಿಯ ಮೇಲೆ ಎಷ್ಟು ಭಾರ ಎಂಬುದರಿಂದ ವಿಮಾನದ ಗುರುತ್ವಕೇಂದ್ರ ಎಲ್ಲಿದೆ ಎಂದು ಲೆಕ್ಕ ಸಿಗುತ್ತದೆ. ಅದು ಹಿಂದೆ ಸರಿದರೆ ಮೇಲೆ ಹೋದ ವಿಮಾನ ಮೂಗೆತ್ತಿ ಕುದುರೆಯಂತೆ ಮೊಂಡು ಹಿಡಿಯುತ್ತದೆ. ಕಾಕಾರದು ಎಷ್ಟು ಹಿಂದಿತ್ತೆಂದರೆ, ಕಾಟಾ ನೋಡಲು ಬಂದ ಅಡತಿ ಸಾಹುಕಾರರು ಬಗ್ಗಿ ಕೇಳಿದರು: ‘ಕಾಕಾ, ಬಾಲದಾಗ ತೊಗರಿ ತುಂಬೀರೇನು?’

ಆಮೇಲೆ ತಗಡಿನ ಸರದಿ. ಮೊಳೆಯಿಂದ ಗೆರೆ ಎಳೆದು ತಗಡು ಕತ್ತರಿಸುವುದು ಲಾರಿ ಶೆಡ್ಡಿನ ರೂಢಿ. ವಿಮಾನದ ತೆಳು ಅಲ್ಯುಮಿನಿಯಂ ಆ ಗೀರನ್ನು ಮರೆಯುವುದಿಲ್ಲ. ರೆಕ್ಕೆ ನಡುಗಿದಾಗಲೆಲ್ಲ ಅಲ್ಲಿಂದಲೇ ಸೀಳು ಬೆಳೆಯುತ್ತದೆ. ರಿವೆಟ್ ತೂತಿನ ನಡುವಿನಿಂದ ತಗಡಿನ ಅಂಚಿಗೆ, ರಿವೆಟ್ಟಿನ ದಪ್ಪದ ಎರಡು ಪಟ್ಟಾದರೂ ಜಾಗ ಇರಬೇಕು ಎಂಬುದು ಇನ್ನೊಂದು ಪಾಠ. ಕಾಕಾರ ಮೊದಲ ತಗಡಿನಲ್ಲಿ ರಿವೆಟ್ಟುಗಳು ಟಂಟಂಗೆ ಜೋತುಬಿದ್ದ ಸಂತೆಯ ಮಂದಿಯಂತೆ ಅಂಚಿನಲ್ಲೇ ನಿಂತಿದ್ದವು.

ಎಲ್ಲಕ್ಕಿಂತ ದೊಡ್ಡದು ರೆಕ್ಕೆಯ ಪ್ರಸಂಗ. ಎಡ ರೆಕ್ಕೆ ಸೊಗಸಾಗಿ ಬಂತೆಂಬ ಖುಷಿಯಲ್ಲಿ ಕಾಕಾ ಅದೇ ಅಚ್ಚಿನ ಮೇಲೆ ಬಲ ರೆಕ್ಕೆಯನ್ನೂ ಮಾಡಿದರು. ಅಚ್ಚನ್ನು ತಿರುವಿ ಹಾಕುವುದು ನೆನಪಾಗಲಿಲ್ಲ. ಆರು ತಿಂಗಳು ಹಗಲೂ ರಾತ್ರಿ ಅದರ ಪಕ್ಕದಲ್ಲೇ ಚಾ ಕುಡಿದ ಮೂವರು ಮಿಸ್ತ್ರಿಗಳ ಕಣ್ಣಿಗೂ ಬೀಳಲಿಲ್ಲ. ರೊಟ್ಟಿ ಬುತ್ತಿ ತಂದ ಕಾಕು ಬಾಗಿಲಲ್ಲೇ ನಿಂತು ಒಂದು ಗಳಿಗೆ ನೋಡಿದರು. ‘ಅಲ್ರಿ, ಎರಡೂ ಎಡಗಾಲ ಚಪ್ಪಲಿ ಇದ್ದಂಗ ಅದಾವಲ್ರಿ?’ ಅಂದು ಬುತ್ತಿ ಇಟ್ಟು ಹೋದರು. ಆ ದಿನದ ಪುಂಡಿ ಪಲ್ಯ ಕಾಕಾರಿಗೆ ರುಚಿಸಲಿಲ್ಲವಂತೆ.

ಬಲ ರೆಕ್ಕೆ ನಿಜವಾಗಿಯೂ ಬಲಕ್ಕೆ ಬಂದ ಮೇಲೆ, ಅದು ಶೆಡ್ಡಿನ ಬಾಗಿಲಿಂದ ಹೊರಗೆ ಬರಲಿಲ್ಲ. ಕಾಕಾ ಇದಕ್ಕೆ ಮಾತ್ರ ಅಂಜಲಿಲ್ಲ. ‘ಮುಂಬೈದಾಗ ಅಮೋಲ್ ಯಾದವ್ ಅನ್ನೋ ಪೈಲಟ್ ಮಾಳಗಿ ಮ್ಯಾಲೆ ಆರು ಸೀಟಿನ ವಿಮಾನ ಕಟ್ಟಿದ್ರು. 2016ರಾಗ ಮೇಕ್ ಇನ್ ಇಂಡಿಯಾ ಮೇಳದಾಗ ಇಟ್ರು. ಅದೇನು ಮಾಳಗಿಯಿಂದ ಹಾರಿ ಇಳೀತೇನು? ಬಿಚ್ಚೇ ಇಳಿಸಿದ್ರಲ್ಲ!’ ಎಂದು ಗೋಡೆ ಒಡೆಸಿದರು.

ಸಂಜೆ ಶೆಡ್ಡಿನಲ್ಲಿ ಊರೇ ಸೇರುತ್ತದೆ. ಕಲ್ಯಾಣದವರಿಗೆ ಅನುಭವ ಮಂಟಪ ಹೊಸದೇನಲ್ಲ. ವಿಮಾನದಲ್ಲಿ ಇರುವುದು ಒಂದೇ ಸೀಟು; ಅದರಲ್ಲಿ ಕೂಡ್ರುವ ಯೋಗ್ಯತೆ ಯಾರಿಗೂ ಇನ್ನೂ ಬಂದಿಲ್ಲವಾದ್ದರಿಂದ ಹುಡುಗರು ಅದಕ್ಕೆ ಶೂನ್ಯ ಸಿಂಹಾಸನ ಎಂದು ಹೆಸರಿಟ್ಟಿದ್ದಾರೆ. ಒಮ್ಮೆ ನಿವೃತ್ತ ಮಾಸ್ತರೊಬ್ಬರು, ವಿಮಾನ ಕಟ್ಟುವ ವಿದ್ಯೆಯೆಲ್ಲ ಆನೇಕಲ್ಲಿನ ಸುಬ್ಬರಾಯ ಶಾಸ್ತ್ರಿಗಳ ವೈಮಾನಿಕ ಶಾಸ್ತ್ರದಲ್ಲೇ ಇದೆ ಎಂದು ಅಪ್ಪಣೆ ಕೊಡಿಸಿದರು. ಕಾಕಾ ಚಾ ಬಸಿ ಕೆಳಗಿಟ್ಟರು. ‘ಮಾಸ್ತರ, 1974ರಾಗ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರು ಅದರ ಚಿತ್ರ ಎಲ್ಲಾ ನೋಡಿ, ಇವು ಹಾರೂದಿಲ್ಲ ಅಂದಾರ. ನಂದೂ ಹಾರವಲ್ಲದು. ಅಂದ್ರ ನಾ ಶಾಸ್ತ್ರದ ಪ್ರಕಾರನ ಹೊಂಟೀನಿ.’

ಕಾಕಾರ ಮನೆದೇವರು ವೀರಭದ್ರ, ಶೆಡ್ಡಿನ ದೇವರು ಚಾರ್ಲಿ ಟೇಲರ್. 1903ರ ಡಿಸೆಂಬರ್ 17ರಂದು ರೈಟ್ ಸಹೋದರರು ಮೊದಲು ಹಾರಿದ್ದು 12 ಸೆಕೆಂಡು, 120 ಅಡಿ. ಅವರ ಸೈಕಲ್ ಅಂಗಡಿಯ ಮಿಸ್ತ್ರಿ ಈ ಟೇಲರ್. ಆರು ವಾರದಲ್ಲಿ ಎಂಜಿನ್ ಮಾಡಿಕೊಟ್ಟವನು. ‘ಅಣ್ಣ ತಮ್ಮರ ಹೆಸರು ಸಾಲಿ ಪುಸ್ತಕದಾಗ ಬಂತು. ಮಿಸ್ತ್ರಿ ಹೆಸರು ಯಾರಿಗರೆ ಗೊತ್ತದೇನು?’ ಎಂದು ಕೇಳುವಾಗ ಕಾಕಾರ ದನಿಯಲ್ಲಿ, ಬಿಲ್ಲು ಬಾಕಿ ಇಟ್ಟು ಹೋದ ಎಲ್ಲ ಲಾರಿ ಮಾಲೀಕರ ಮೇಲಿನ ಸಿಟ್ಟೂ ಇರುತ್ತದೆ.

ಇಂಥವರಲ್ಲಿ ಬಹಳ ಮಂದಿ ತಪ್ಪಾದ ಸಾಮಾನನ್ನು ರಾತ್ರಿ ಗುಜರಿಗೆ ಹಾಕಿ ಬೆಳಿಗ್ಗೆ ಮೀಸೆ ತಿರುವುತ್ತಾರೆ. ಕಾಕಾ ಹಾಕುವುದಿಲ್ಲ. ಗೀರು ಬಿದ್ದ ತಗಡು, ಅಂಚು ಸೀಳಿದ ರಿವೆಟ್ ಸಾಲು, ಬಾಲದ ಆ್ಯಂಗಲ್, ಎಲ್ಲವೂ ಗೋಡೆಯ ಮೇಲೆ ತೂಗುತ್ತಿವೆ. ಕೆಳಗೆ ಖಡುವಿನಲ್ಲಿ ತಾರೀಖು, ಹೋದ ರೊಕ್ಕ, ಮಾಡಿದವರ ಹೆಸರು. ಹೆಸರಿನ ಜಾಗದಲ್ಲಿ ಹೆಚ್ಚಾಗಿ ‘ನಾನೇ’ ಎಂದಿದೆ. ನಡುವೆ ಎರಡನೆಯ ಎಡ ರೆಕ್ಕೆ, ಅದರಡಿ ಕಾಕು ಅಂದ ಮಾತು. ಹೊಸದಾಗಿ ಸೇರಿದ ಹುಡುಗ ‘ನಡೀತದ ಬಿಡ್ರಿ ಕಾಕಾ’ ಅಂದರೆ ಅವನನ್ನು ಆ ಗೋಡೆಯ ಮುಂದೆ ನಿಲ್ಲಿಸುತ್ತಾರೆ: ‘ಲಾರಿ ಕೆಟ್ಟರ ಢಾಬಾದಾಗ ಕುಂತು ಚಾ ಕುಡೀಬಹುದು ಮಗಾ. ಮ್ಯಾಲೆ ಢಾಬಾ ಇಲ್ಲ.’

ವಿಮಾನ ಇನ್ನೂ ಹಾರಿಲ್ಲ. ಹಾರಿಸಲು ದಿಲ್ಲಿಯ ಡಿಜಿಸಿಎ ಅನುಮತಿ ಬೇಕು, ಅದಕ್ಕೂ ಮೊದಲು ಕಾಕುನ ಅನುಮತಿ ಬೇಕು, ಎರಡೂ ಬಂದಿಲ್ಲ. ಆದರೆ ವಿಮಾನಕ್ಕೆಂದು ತಂದ ಟಾರ್ಕ್ ಪಾನಾ ಈಗ ಲಾರಿಗಳ ಮೇಲೆ ಓಡಾಡುತ್ತಿದೆ. ಮೊದಲು ಕೈಯಳತೆಯಲ್ಲಿ ಬಿಗಿಯುತ್ತಿದ್ದ ಗಾಲಿ ನಟ್ಟುಗಳನ್ನು ಕಾಕಾ ಈಗ ಲೆಕ್ಕದಷ್ಟೇ ಬಿಗಿದು, ನಟ್ಟಿಗೂ ಗಾಲಿಗೂ ಸೇರಿಸಿ ಕೆಂಪು ಬಣ್ಣದ ಸಣ್ಣ ಗೆರೆ ಎಳೆಯುತ್ತಾರೆ. ನಟ್ಟು ಒಂದು ಕೂದಲೆಳೆ ಸಡಿಲಾದರೂ ಗೆರೆ ಮುರಿದು ಕಾಣುತ್ತದೆ. ವಿಮಾನದವರ ಪದ್ಧತಿ ಅದು.

ನೀವು ಆ ಹೆದ್ದಾರಿಯಲ್ಲಿ ಬಂದರೆ ಮುಂದಿನ ಲಾರಿಯ ಗಾಲಿ ನೋಡಿ. ನಟ್ಟಿನ ಮೇಲೆ ಕೆಂಪು ಗೆರೆ ಇದ್ದರೆ, ನಮ್ಮ ಕಾಕಾರ ವಿಮಾನ ಅದೇ ಎಂದು ತಿಳಿಯಿರಿ. ಹಾರದಿದ್ದರೂ ಅಡ್ಡಿಯಿಲ್ಲ, ಗಾಲಿ ಕಳಚದೆ ಸೊಲ್ಲಾಪುರ ಮುಟ್ಟುತ್ತದೆ.